ಮುದ್ದೆ ಬೇಡವೆಂದ ಮಗುವಿಗೆ ಬೆಣ್ಣೆ ಶಾವಿಗೆ

ನಮ್ಮ ಮೊಮ್ಮಗನಿಗೆ ಮೂರು ವರ್ಷ ತುಂಬಿದಾಗ ಅವನ ತೂಕ 11 ಕೆಜಿ. ಅಂಗನವಾಡಿಯಲ್ಲಿ ತೂಗಿ ಕಾರ್ಡಿನಲ್ಲಿ ಚುಕ್ಕೆ ಇಟ್ಟರು. ಚುಕ್ಕೆ ಹಸಿರು ಬಿಟ್ಟು ಹಳದಿ ಪಟ್ಟಿಯಲ್ಲಿ ಕೂತಿತು. ಅದರಾಚೆ ಇರೋದು ಕಿತ್ತಳೆ ಬಣ್ಣ. ಅಲ್ಲಿಗೆ ಹೋದರೆ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಾಗುತ್ತೆ ಎಂದರು.

ರಾಗಿ ಬೆಳೆಯುವ ಮನೆ ನಮ್ಮದು. ಎರಡು ಹಸು ಕರೆಯುವ ಮನೆ. ನಮ್ಮ ಮನೆ ಮಗುವೇ ಹಳದಿಗೆ ಬಂತಲ್ಲಪ್ಪ ಎಂದು ನನಗೆ ನಾಚಿಕೆಯಾಯಿತು. ಅದರ ಬೆನ್ನು ಹತ್ತಿ ನಾನು ಕಲಿತ ಒಂದು ಅಡಿಗೆ ವಿಚಾರ ಇಲ್ಲಿ ಬರೆದಿದ್ದೇನೆ. ಗಂಡಸು ಅಡಿಗೆ ಬರೆದವ್ನೆ ಎಂದು ನಗಬೇಡಿ. ಇದರಲ್ಲಿ ಅರ್ಧ ಹೊಲದ ವಿಚಾರವೂ ಇದೆ.

ನಮ್ಮದು ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆ. ಮಳೆ ನಂಬಿದ ಮೂರೂವರೆ ಎಕರೆ ಜಮೀನು. ಒಂದು ಕಾಲಕ್ಕೆ ಅದರಲ್ಲಿ ಎರಡು ಎಕರೆ ರಾಗಿಯೇ ಇರುತ್ತಿತ್ತು, ಸಾಲುಗಳ ನಡುವೆ ಅಕ್ಕಡಿಯಾಗಿ ಅವರೆ, ಹುಚ್ಚೆಳ್ಳು, ಜೋಳ. ಆಮೇಲೆ ಹತ್ತಿ ಬಂತು, ಹತ್ತಿಯ ಹಿಂದೆ ಚೆಂಡುಹೂವು ಬಂತು. ರಾಗಿ ಸರಿಯುತ್ತಾ ಸರಿಯುತ್ತಾ ಮುಕ್ಕಾಲು ಎಕರೆಗೆ ನಿಂತಿತು. ಮಗ ನಂಜನಗೂಡಿನ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗುತ್ತಾನೆ. ಸಂಸಾರ ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿತ್ತು. ಬಾಡಿಗೆ ಏರಿತು ಅಂತ 2023ರ ಬೇಸಿಗೆಯಲ್ಲಿ ಸೊಸೆ ಎರಡು ಮಕ್ಕಳನ್ನೂ ಕರ್ಕೊಂಡು ಊರಿಗೇ ಬಂದಳು. ದೊಡ್ಡದು ಹೆಣ್ಣು, ಆಗ ಆರು ವರ್ಷ. ಚಿಕ್ಕವನೇ ಈ ಹಳದಿ ಚುಕ್ಕೆಯವನು.

ತಟ್ಟೆ ಮುಂದೆ ಜಗಳ

ನಮ್ಮ ಮನೆಯಲ್ಲಿ ರಾತ್ರಿ ಹಿಟ್ಟು ಇಲ್ಲದೆ ಊಟ ಇಲ್ಲ. (ಹಿಟ್ಟು ಎಂದರೆ ನಮ್ಮ ಕಡೆ ಮುದ್ದೆ.) ಮಕ್ಕಳ ತಟ್ಟೆಗೂ ನಿಂಬೆಹಣ್ಣಿನ ಗಾತ್ರದ ಮುದ್ದೆ, ಉಪ್ಪೆಸರು ಹಾಕಿ ಇಡುತ್ತಿದ್ದೆವು. ದೊಡ್ಡವಳು ಮೂಗು ಮುಚ್ಚಿಕೊಂಡು ಎರಡು ತುತ್ತು ನುಂಗುವಳು. ಚಿಕ್ಕವನು ಬಾಯಿಗೆ ಹಾಕಿಕೊಂಡು ಅಗಿಯುವನು. ಅಗಿದಷ್ಟೂ ಹಲ್ಲಿಗೆ ಮೆತ್ತಿಕೊಳ್ಳುವುದು, ಕೊನೆಗೆ ಉಗಿಯುವನು. ನಮ್ಮ ಮನೆಯಾಕೆ ಬಯ್ಯುವಳು, ಸೊಸೆ ಅಳುವಳು. ನಾನು ಎರಡೇಟು ಹಾಕಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ.

ಒಂದು ಸಂಜೆ ಸೊಸೆ, "ಮಾವ, ಇವತ್ತೊಂದಿನ ನೀವು ಸುಮ್ನಿರಿ" ಎಂದು ಹೇಳಿ ಮೈಸೂರಿನಿಂದ ತಂದಿಟ್ಟಿದ್ದ ಪಾಸ್ತಾ ಪೊಟ್ಟಣ ತೆಗೆದಳು. ನಾನು ಅಡಿಗೆಮನೆ ಬಾಗಿಲಲ್ಲೇ ಕೂತು ನೋಡಿದೆ. ಅಗಲ ಪಾತ್ರೆಯಲ್ಲಿ ನೀರು ಧಾರಾಳವಾಗಿ ಇಟ್ಟು, ಕೊತಕೊತ ಕುದ್ದ ಮೇಲೆ ಒಂದು ಚಮಚ ಉಪ್ಪು ಹಾಕಿ, ಪಾಸ್ತಾ ಸುರಿದಳು. ನೂರು ಗ್ರಾಂಗೆ ಒಂದು ಲೀಟರ್ ನೀರಿನ ಲೆಕ್ಕ. ಹತ್ತು ನಿಮಿಷ ಬೇಯಿಸಿ, ಹಿಚುಕಿ ನೋಡಿ, ಅನ್ನ ಬಸಿದ ಹಾಗೆ ಬಸಿದಳು. ಬಸಿದ ನೀರಿನಲ್ಲಿ ಅರ್ಧ ಲೋಟ ಎತ್ತಿಟ್ಟುಕೊಂಡಳು. ಪಾತ್ರೆ ಒಲೆಯಿಂದ ಇಳಿಸಿ, ಎರಡು ಚಮಚ ಬೆಣ್ಣೆ, ಎತ್ತಿಟ್ಟ ಗಂಜಿ ನೀರು ಒಂದಿಷ್ಟು ಹಾಕಿ ಕೈಯಾಡಿಸಿದಳು. ಬೆಣ್ಣೆ ಕರಗಿ ಗಂಜಿಯ ಜೊತೆ ಸೇರಿ ಎಲ್ಲಕ್ಕೂ ಸವರಿಕೊಂಡಿತು. ಅಷ್ಟೇ. ಖಾರ ಇಲ್ಲ, ಒಗ್ಗರಣೆ ಇಲ್ಲ, ಸೊಪ್ಪು ಇಲ್ಲ.

ಚಿಕ್ಕವನು ತಟ್ಟೆ ನೆಕ್ಕಿದ.

ನಾನೂ ಒಂದು ಹಿಡಿ ತಿಂದು ನೋಡಿದೆ. ಚೆನ್ನಾಗೇ ಇತ್ತು. ಇಂಥದ್ದನ್ನು ಬಯ್ಯೋದು ಸುಲಭ, ಆದರೆ ಅದೂ ಗೋಧಿಯೇ. ಇಟಲಿ ದೇಶದವರು ಪಾಸ್ತಾ ಮಾಡುವ ಡ್ಯೂರಮ್ ಗೋಧಿ ಬೇರೇನಲ್ಲ, ನಾವು ಉಪ್ಪಿಟ್ಟಿಗೆ ತರುವ ಬನ್ಸಿ ರವೆಯ ಜಾತಿ. ಒಣ ಪಾಸ್ತಾವನ್ನು ಆ ಗೋಧಿಯಲ್ಲೇ ಮಾಡಬೇಕು ಎಂದು ಅಲ್ಲಿ 1967ರಲ್ಲೇ ಕಾನೂನು ಮಾಡಿದ್ದಾರೆ. ಬೆಣ್ಣೆ ಹಾಕಿದ ಪಾಸ್ತಾ ಅಲ್ಲಿ ಮಕ್ಕಳಿಗೂ ಕಾಯಿಲೆಯವರಿಗೂ ಕೊಡುವ ಊಟ. ರೋಮ್ ಪಟ್ಟಣದ ಆಲ್ಫ್ರೆಡೋ ಎಂಬ ಹೋಟೆಲಿನವನು 1908ರಲ್ಲಿ ಊಟ ಸೇರದ ತನ್ನ ಬಾಣಂತಿ ಹೆಂಡತಿಗೆ ಬೆಣ್ಣೆ, ಚೀಸ್ ಹಾಕಿ ಮಾಡಿಕೊಟ್ಟ, ಅದೇ ಮುಂದೆ ಊರೂರಿಗೆ ಹೆಸರಾಯಿತು ಎಂಬ ಕಥೆಯನ್ನು ಸೊಸೆ ಫೋನಿನಲ್ಲಿ ಓದಿ ಹೇಳಿದಳು. ನಾವು ಬಾಣಂತಿಗೆ ತುಪ್ಪ ಹಾಕುವುದಿಲ್ಲವೇ, ಹಾಗೆ.

ಅವತ್ತು ರಾತ್ರಿ ನನಗೆ ಹೊಳೆದದ್ದು ಒಂದೇ ಮಾತು. ಮುದ್ದೆ ನುಂಗುವ ಪದಾರ್ಥ, ಅಗಿಯುವುದಲ್ಲ. ನಾವು ನುಂಗಲು ಕಲಿತವರು. ಮೂರು ವರ್ಷದ ಕೂಸು ಈಗಷ್ಟೇ ಅಗಿಯಲು ಕಲಿತಿದೆ. ಅದಕ್ಕೆ ಅಗಿಯಬೇಡ ನುಂಗು ಎಂದರೆ ಹೆದರಿಕೆ ಬರದೆ ಇರುತ್ತದೆಯೇ? ಮಗು ಬೇಡ ಎಂದದ್ದು ರಾಗಿಯನ್ನಲ್ಲ, ಆ ಉಂಡೆಯನ್ನು. ರಾಗಿಯನ್ನೇ ದಾರದ ಹಾಗೆ ಮಾಡಿ ಬೆಣ್ಣೆ ಹಾಕಿ ಕೊಟ್ಟರೆ? ಹಾಗೆ ಮಾಡುವ ಸಾಮಾನು ನಮ್ಮ ಅಟ್ಟದ ಮೇಲೇ ಇತ್ತು.

ಒರಳು ಕೆಳಗಿಳಿಯಿತು

ನಮ್ಮ ಅವ್ವನ ಕಾಲದ ಶಾವಿಗೆ ಒರಳು ಮರದ್ದು, ಇಬ್ಬರು ಬೇಕು. ಒಬ್ಬರು ಹಿಡಿಯಬೇಕು, ಒಬ್ಬರು ಸನ್ನೆ ಮರದ ಮೇಲೆ ಭಾರ ಹಾಕಬೇಕು. ಅದಾದ ಮೇಲೆ ಕೊಂಡ ಮೂರು ಕಾಲಿನ, ತಿರುಪಿನ ಕಬ್ಬಿಣದ ಒರಳೂ ಇದೆ. ನಮ್ಮ ಮನೆಯಾಕೆಗೆ ಭುಜ ಹಿಡಿದುಕೊಂಡ ಮೇಲೆ ಆರು ವರ್ಷದಿಂದ ಎರಡೂ ಅಟ್ಟ ಸೇರಿದ್ದವು. ಹಬ್ಬಕ್ಕೂ ಅಂಗಡಿ ಶಾವಿಗೆಯೇ ಆಗಿಹೋಗಿತ್ತು. ತಿರುಪಿನದನ್ನು ಇಳಿಸಿ, ಹುಣಸೆಹಣ್ಣು ಹಾಕಿ ಬಿಲ್ಲೆ ಉಜ್ಜಿ, ಬಿಸಿನೀರಿನಲ್ಲಿ ತೊಳೆದೆ. "ಒತ್ತೋನು ನಾನೇ, ನೀನು ಕೂತ್ಕಂಡು ಹೇಳು ಸಾಕು" ಎಂದೆ. "ಹೂಂ, ನೋಡುವ ಕನ" ಎಂದಳು. ನಂಬಿಕೆ ಇರಲಿಲ್ಲ.

ಮೊದಲ ದಿನ ಕೆಟ್ಟಿತು. ಮುದ್ದೆಗೆ ಬೀಸಿದ ಹಿಟ್ಟನ್ನೇ ತಣ್ಣೀರಲ್ಲಿ ಕಲಸಿ ಒತ್ತಿದೆ. ಎಳೆ ಬರುವ ಬದಲು ತುಂಡು ತುಂಡಾಗಿ ಇಲಿ ಹಿಕ್ಕೆಯ ಹಾಗೆ ಉದುರಿತು. ದೊಡ್ಡವಳು ಅದನ್ನು ಹಾಗೇ ಕರೆದಳು ಕೂಡ.

ಯಾಕೆ ಹೀಗೆ ಎಂದು ಆಮೇಲೆ ತಿಳಿಯಿತು. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದೆ. ತಣ್ಣೀರಲ್ಲಿ ಕಲಸಿದರೂ ಅದು ಎಳೆಯನ್ನು ಹಿಡಿದುಕೊಳ್ಳುತ್ತದೆ. ಉತ್ತರ ಕರ್ನಾಟಕದವರು ಸದಕ, ಜವೆಗೋಧಿ ಎನ್ನುವ ಗೋಧಿಯಲ್ಲಿ ಕೂದಲಿನಂಥ ಶಾವಿಗೆ ಎಳೆಯುವುದು ಆ ಬಲದ ಮೇಲೆ. ರಾಗಿಯಲ್ಲಿ ಆ ಅಂಟು ಇಲ್ಲವೇ ಇಲ್ಲ, ಅಕ್ಕಿಯಲ್ಲೂ ಇಲ್ಲ. ಅದಕ್ಕೇ ನಮ್ಮ ಕಡೆ ಹಿರಿಯರು ಹಿಟ್ಟನ್ನು ಮೊದಲು ಕುದಿನೀರಿನಲ್ಲಿ ಬೇಯಿಸಿಕೊಳ್ಳುತ್ತಿದ್ದರು. ಬೆಂದ ಹಿಟ್ಟಿನ ಗಂಜಿಯೇ ಅಂಟು. ಒತ್ತು ಶಾವಿಗೆ ಎಂದರೆ ಇಷ್ಟೇ ಗುಟ್ಟು.

ಎರಡನೇ ಸಲ ಕೆಟ್ಟದ್ದು ನನ್ನ ಅತಿಬುದ್ಧಿಯಿಂದ. ಮೊಳಕೆ ಕಟ್ಟಿದ ರಾಗಿ ಮಕ್ಕಳಿಗೆ ಒಳ್ಳೇದು, ಅದರ ಸತ್ವ ಮೈಗೆ ಚೆನ್ನಾಗಿ ಹತ್ತುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಹಾಗಾಗಿ ಮೊಳಕೆ ರಾಗಿ ಹಿಟ್ಟನ್ನೇ ಎಸರಿಗೆ ಹಾಕಿದೆ. ಹಿಟ್ಟು ಗಟ್ಟಿಯಾಗುವುದು ಬಿಟ್ಟು ನೀರು ನೀರಾಯಿತು. ಮತ್ತಷ್ಟು ಹಿಟ್ಟು ಹಾಕಿ ಗಟ್ಟಿ ಮಾಡಿ ಒತ್ತಿದರೆ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿಯೇ ಕೂತವು! ಮೊಳಕೆ ಬರುವಾಗ ಕಾಳಿನೊಳಗೆ ಗಂಜಿಯನ್ನು ಕರಗಿಸುವ ಗುಣ ಹುಟ್ಟುತ್ತದೆ. ಎಳೆಕೂಸಿನ ಸರಿ ತೆಳ್ಳಗಾಗಿ ಸುಲಭವಾಗಿ ಇಳಿಯುವುದು ಅದರಿಂದಲೇ. ಶಾವಿಗೆಗೆ ಬೇಕಾದ ಅಂಟನ್ನೂ ಅದೇ ತಿಂದುಹಾಕುತ್ತದೆ. ಹಾಗಾಗಿ ಮೊಳಕೆ ಹಿಟ್ಟು ಸರಿಗೆ, ಬರೀ ಹಿಟ್ಟು ಶಾವಿಗೆಗೆ. ಈ ಒಂದು ಮಾತು ನನಗೆ ಮೊದಲೇ ಗೊತ್ತಿದ್ದರೆ ಒಂದು ಸೇರು ಹಿಟ್ಟು ಉಳಿಯುತ್ತಿತ್ತು.

ಈಗ ನಾವು ಮಾಡುವ ಕ್ರಮ

ರಾಗಿ ಹಳೆಯದಾದಷ್ಟೂ ಒಳ್ಳೇದು. ಹೊಸ ರಾಗಿಯ ಹಿಟ್ಟು ಜಿಗುಟು. ಹಿಂದೆ ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟು ತೆಗೆಯುತ್ತಿದ್ದರು. ನಮ್ಮಲ್ಲಿ ಈಗ ಹಗೇವು ಇಲ್ಲ, ಚೀಲದಲ್ಲಿಟ್ಟು ಹೋದ ವರ್ಷದ್ದನ್ನು ಬಳಸುತ್ತೇವೆ. ತೊಳೆದು ಚೆನ್ನಾಗಿ ಒಣಗಿಸಿ, ಮಿಲ್ಲಿನಲ್ಲಿ "ಶಾವಿಗೆಗೆ, ನುಣ್ಣಗೆ" ಎಂದು ಹೇಳಿ ಬೀಸಿಸಬೇಕು. ಮನೆಗೆ ತಂದು ವಂದರಿ ಹಿಡಿಯುವುದನ್ನು ಬಿಡಬಾರದು. ಒಂದು ದಪ್ಪ ತರಿ ಬಿಲ್ಲೆಯ ತೂತಿಗೆ ಸಿಕ್ಕಿಕೊಂಡರೆ ಆ ತೂತು ಕೊನೆವರೆಗೂ ಬಂದ್. ವಂದರಿಯಲ್ಲಿ ಉಳಿದ ತರಿ ಹಸುವಿನ ಬಾನಿಗೆ.

ಆರು ಜನರ ನಮ್ಮ ಮನೆಗೆ ನಾಲ್ಕು ಲೋಟ ಹಿಟ್ಟು, ಐದು ಲೋಟ ನೀರು. ಹೊಸದಾಗಿ ಮಾಡುವವರು ನಾಲ್ಕರಲ್ಲಿ ಒಂದು ಲೋಟ ಅಕ್ಕಿ ಹಿಟ್ಟು ಹಾಕಿಕೊಂಡರೆ ಎಳೆ ಒಡೆಯುವ ಭಯ ಇಲ್ಲ. ಕೈ ಪಳಗಿದ ಮೇಲೆ ಬಿಡಬಹುದು. ಎಸರಿಗೆ ಉಪ್ಪು, ಒಂದು ಚಮಚ ಎಣ್ಣೆ. ಮಳ್ಳಿಸಿ, ಉರಿ ತಗ್ಗಿಸಿ, ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಮುಚ್ಚಿ ಐದು ನಿಮಿಷ ಬಿಡಬೇಕು. ಆಮೇಲೆ ಹಿಟ್ಟಿನ ಕೋಲಿನಲ್ಲಿ ಗಂಟಿಲ್ಲದಂತೆ ತಿರುವಿ, ಹಲಗೆ ಮೇಲೆ ಹಾಕಿ, ಕೈ ಒದ್ದೆ ಮಾಡಿಕೊಂಡು ಬಿಸಿ ಇರುವಾಗಲೇ ನಾದಬೇಕು. ಮುದ್ದೆಗಿಂತ ಗಟ್ಟಿ ಇರಲಿ.

ಇಲ್ಲಿಂದ ಎರಡು ದಾರಿ. ಹಳೆಯ ದಾರಿಯಲ್ಲಿ ಉಂಡೆಗಳನ್ನು ಹಬೆಯಲ್ಲಿ ಕಾಲು ಗಂಟೆ ಬೇಯಿಸಿ, ಸುಡುಸುಡುವಾಗಿಯೇ ಒತ್ತುವುದು. ಎಳೆ ಗಟ್ಟಿಯಾಗಿ ಉದ್ದಕ್ಕೆ ಬರುತ್ತದೆ, ಆದರೆ ಕೈಬಲ ಬೇಕು. ಆರಿತೋ, ತಿರುಪು ಅಲ್ಲಾಡುವುದಿಲ್ಲ. ಇನ್ನೊಂದು ದಾರಿಯಲ್ಲಿ ನಾದಿದ ಬಿಸಿ ಹಿಟ್ಟನ್ನು ಎಣ್ಣೆ ಸವರಿದ ಇಡ್ಲಿ ತಟ್ಟೆಯ ಮೇಲೆ ಒತ್ತಿ, ಆಮೇಲೆ ಎಂಟು ಹತ್ತು ನಿಮಿಷ ಹಬೆಯಲ್ಲಿ ಬೇಯಿಸುವುದು. ಚಕ್ಕುಲಿ ಒರಳು ಇದ್ದರೂ ಸಾಕು, ಸಣ್ಣ ತೂತಿನ ಬಿಲ್ಲೆ ಹಾಕಿಕೊಂಡರೆ ಒಬ್ಬರೇ ಮಾಡಬಹುದು. ಸೊಸೆ ಸ್ಕೂಲಿನ ದಿನ ಬೆಳಿಗ್ಗೆ ಮಾಡುವುದು ಇದನ್ನೇ. ಭಾನುವಾರ ನಾನಿದ್ದರೆ ಹಳೆಯ ದಾರಿ. ಬೆಂದಿದೆಯೇ ಎಂದು ತಿಳಿಯಲು ಒದ್ದೆ ಬೆರಳಲ್ಲಿ ಮುಟ್ಟಿ, ಅಂಟಬಾರದು.

ತಟ್ಟೆಗೆ ಹಾಕಿದ ಕೂಡಲೇ, ಹಬೆ ಏಳುವಾಗಲೇ ಬೆಣ್ಣೆ ಹಾಕಬೇಕು. ಒಲೆ ಮೇಲಿಟ್ಟು ಬೆಣ್ಣೆಯಲ್ಲಿ ಹುರಿಯಬೇಡಿ. ಹುರಿದರೆ ಬೆಣ್ಣೆ ತುಪ್ಪವಾಗಿ ತಟ್ಟೆ ತಳಕ್ಕೆ ಇಳಿಯುತ್ತದೆ, ಎಳೆ ಬಿರುಸಾಗುತ್ತದೆ. ಬಿಸಿ ಎಳೆಗೆ ತಾನೇ ಕರಗಿದ ಬೆಣ್ಣೆಯ ರುಚಿಯೇ ಬೇರೆ. ರಾಗಿ ಎಳೆ ಬೇಗ ಒಣಗುವುದರಿಂದ, ಸೊಸೆ ಪಾಸ್ತಾಕ್ಕೆ ಗಂಜಿ ನೀರು ಹಾಕಿದ ಹಾಗೆ ನಾವು ಒಂದೆರಡು ಚಮಚ ಬಿಸಿನೀರು ಚಿಮುಕಿಸಿ ಬೆಣ್ಣೆ ಕಲೆಸುತ್ತೇವೆ. ಮಕ್ಕಳಿಗೆ ಅಷ್ಟೇ ಸಾಕು, ಬೇಕೆಂದರೆ ಬೆಲ್ಲದ ಪುಡಿ. ದೊಡ್ಡವರಿಗೆ ಮೇಲೆ ಹುಚ್ಚೆಳ್ಳು ಪುಡಿ, ಬೆಳ್ಳುಳ್ಳಿ ಖಾರ. ಬೆಣ್ಣೆಗೂ ಹುಚ್ಚೆಳ್ಳಿಗೂ ಏನು ಸಂಬಂಧವೋ, ಎರಡೂ ಸೇರಿದರೆ ನನಗೆ ಸಾರು ಬೇಡ.

ಚಿಕ್ಕ ಮಕ್ಕಳಿಗೆ ಉದ್ದ ಎಳೆ ಹಾಗೇ ಹಾಕಬೇಡಿ. ಗಂಟಲಿಗೆ ಸುತ್ತಿಕೊಂಡು ಕೆಮ್ಮುತ್ತವೆ. ಕೈಯಲ್ಲಿ ಬೆರಳುದ್ದ ಮುರಿದು ಹಾಕಿ, ಕೂರಿಸಿ ತಿನ್ನಿಸಿ. ವರ್ಷ ತುಂಬದ ಕೂಸಿಗೆ ಇದು ಬೇಡ, ಸರಿಯೇ ಸರಿ.

ಮೊದಲ ದಿನ ಚಿಕ್ಕವನು ಬಣ್ಣ ನೋಡಿ, "ತಾತ, ಇದು ಕರೀದು, ನಂಗೆ ಬ್ಯಾಡ" ಎಂದ. ದೊಡ್ಡವಳು, "ಲೋ, ಇದು ಕರಿ ಪಾಸ್ತಾ ಕಣೋ" ಎಂದಳು. ಅವಳ ಬಾಯಿಂದ ಬಂದ ಹೆಸರೇ ನಿಂತಿತು. ಅವನು ಒಂದು ಎಳೆ ಎತ್ತಿ ಸುರ್ರೆಂದು ಎಳೆದುಕೊಂಡ, ಇನ್ನೊಂದು ಎಳೆದುಕೊಂಡ. ನಾವು ಮೂವರೂ ಅವನ ಕಡೆ ನೋಡದ ಹಾಗೆ ಕೂತಿದ್ದೆವು. ಅರ್ಧ ತಟ್ಟೆ ಖಾಲಿಯಾಯಿತು. ಬಣ್ಣದ್ದೇ ತಕರಾರು ಇರುವ ಮನೆಯವರು ಬಿಳಿ ರಾಗಿ ಹುಡುಕಬಹುದು. ಮಂಡ್ಯದ ವಿ.ಸಿ. ಫಾರಂನವರು ಕೊಟ್ಟ ಕೆಎಂಆರ್-340 ಅಂಥ ತಳಿ.

ಬೆಣ್ಣೆ ಎಲ್ಲಿಂದ?

ಇದು ನನಗೆ ಹೆಚ್ಚು ಚುಚ್ಚಿದ ವಿಚಾರ. ಎರಡು ಹಸು ಸೇರಿ ದಿನಕ್ಕೆ ಒಂಬತ್ತು ಲೀಟರ್ ಹಾಲು. ಅಷ್ಟೂ ಡೈರಿಗೆ. ಮನೆಗೆ ಉಳಿಯುತ್ತಿದ್ದದ್ದು ಕಾಫಿಗೆ ಕಾಲು ಲೀಟರ್. ಹಾಲಿನ ದುಡ್ಡಿನಲ್ಲಿ ನಾವೇ ಅಂಗಡಿಯಿಂದ ಬಿಸ್ಕತ್ತು ತಂದು ಮಕ್ಕಳಿಗೆ ಕೊಡುತ್ತಿದ್ದೆವು! ಸೊಸೆ ಪಾಸ್ತಾಕ್ಕೆ ಹಾಕಿದ ಬೆಣ್ಣೆಯೂ ಅಂಗಡಿಯದೇ. ಹಸು ಕಟ್ಟಿದ ಮನೆಯಲ್ಲಿ ಕಡಗೋಲು ಮೂಲೆ ಸೇರಿತ್ತು.

ದಿನಕ್ಕೆ ಒಂದು ಲೀಟರ್ ಮನೆಗೆ ನಿಲ್ಲಿಸೋಣ ಎಂದೆ. ಮಗ ಲೆಕ್ಕ ಹಾಕಿ, "ಅಪ್ಪ, ತಿಂಗಳಿಗೆ ಒಂದು ಸಾವಿರ ಕಮ್ಮಿ ಆಯ್ತದೆ" ಎಂದ. ಅವನು ಹೇಳಿದ್ದು ಸುಳ್ಳಲ್ಲ, ಹಿಂಡಿ ಸಾಲ ಇತ್ತು. ಎರಡು ದಿನ ಮಾತುಕತೆ ಆಗಿ ಮುಕ್ಕಾಲು ಲೀಟರಿಗೆ ಒಪ್ಪಂದವಾಯಿತು. ಕಾಲು ಲೀಟರ್ ಮಕ್ಕಳು ಕುಡಿಯಲು, ಅರ್ಧ ಲೀಟರ್ ಹೆಪ್ಪಿಗೆ. ವಾರಕ್ಕೆ ಎರಡು ಸಲ ಕಡೆದರೆ ಒಟ್ಟು ನೂರರಿಂದ ನೂರಿಪ್ಪತ್ತು ಗ್ರಾಂ ಬೆಣ್ಣೆ ಸಿಗುತ್ತದೆ. ಹೆಚ್ಚಲ್ಲ. ವಾರದಲ್ಲಿ ಮೂರು ದಿನ ಎರಡು ಮಕ್ಕಳ ಶಾವಿಗೆಗೆ ಸಾಲುತ್ತದೆ. ದೊಡ್ಡವರಿಗೆ ಮಜ್ಜಿಗೆ. ಕಡೆಯುವ ಕೆಲಸ ದೊಡ್ಡವಳದು. ಬೆಣ್ಣೆ ತೇಲಿದಾಗ ಮೊದಲ ಬೆರಳು ಅವಳದೇ.

ತೂಕ, ಲೆಕ್ಕ, ಹೊಲ

ವಾರಕ್ಕೆ ಮೂರು ಸಲ ಶಾವಿಗೆ, ಉಳಿದ ದಿನ ಅನ್ನ, ರೊಟ್ಟಿ, ಅಂಗನವಾಡಿಯ ಮೊಟ್ಟೆ. ನಾಲ್ಕು ತಿಂಗಳಿಗೆ ಚಿಕ್ಕವನ ತೂಕ 12 ಕೆಜಿ 100 ಗ್ರಾಂ ಬಂತು. ಚುಕ್ಕೆ ಹಸಿರಿನ ಅಂಚಿಗೆ ಹತ್ತಿತು. ಇದೆಲ್ಲ ಶಾವಿಗೆಯ ಮಹಿಮೆ ಎಂದು ನಾನು ಹೇಳುವುದಿಲ್ಲ. ನಡುವೆ ಜಂತುಹುಳದ ಮಾತ್ರೆಯನ್ನೂ ಕೊಟ್ಟಿದ್ದರು, ಅದೂ ಕೆಲಸ ಮಾಡಿರಬೇಕು. ಹೊಡೆತ ನಿಂತದ್ದೂ ಕೆಲಸ ಮಾಡಿರಬೇಕು. ಆದರೆ ತಟ್ಟೆ ಮುಂದೆ ಅಳು ನಿಂತದ್ದಂತೂ ನಾನು ಕಣ್ಣಾರೆ ಕಂಡದ್ದು.

ಪಾಸ್ತಾದಲ್ಲಿ ರಾಗಿಗಿಂತ ಪ್ರೋಟೀನ್ ಹೆಚ್ಚು, ಅದನ್ನು ಒಪ್ಪಬೇಕು. ನೂರು ಗ್ರಾಂ ರಾಗಿಯಲ್ಲಿ ಅದು ಏಳು ಗ್ರಾಂ ಮಾತ್ರ, ಡ್ಯೂರಮ್ ಗೋಧಿಯಲ್ಲಿ ಹನ್ನೆರಡರ ಆಸುಪಾಸು. ಸುಣ್ಣದ ಅಂಶ ನೋಡಿದರೆ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲೆ, ಗೋಧಿಯಲ್ಲಿ ಅದರ ಎಂಟನೇ ಒಂದು ಪಾಲು ಇದ್ದರೆ ಹೆಚ್ಚು. ಮೂಳೆ ಬೆಳೆಯುವ ಮಕ್ಕಳಿಗೆ ಅದು ಬೇಕು. ಪ್ರೋಟೀನಿಗೆ ನಾವು ಜೊತೆಯಲ್ಲಿ ಒಂದು ಮೊಟ್ಟೆಯನ್ನೋ, ಬೇಯಿಸಿದ ಅವರೆಕಾಳನ್ನೋ ಇಡುತ್ತೇವೆ. ಅಂಗಡಿಯಲ್ಲಿ ಸಿಗುವ ಒಣ ರಾಗಿ ಶಾವಿಗೆ ತರುವವರು ಪೊಟ್ಟಣದ ಹಿಂದೆ ಓದಿ ನೋಡಿ. ಎಷ್ಟೋ ಪೊಟ್ಟಣಗಳಲ್ಲಿ ಗೋಧಿಯೋ ಮೈದಾವೋ ಸೇರಿರುತ್ತದೆ. ಸೇರಿದರೆ ವಿಷವೇನಲ್ಲ, ಆದರೆ ರಾಗಿ ಎಂದು ದುಡ್ಡು ಕೊಡುವವರಿಗೆ ತಿಳಿದಿರಲಿ.

ದುಡ್ಡಿನ ಲೆಕ್ಕ ಚಿಕ್ಕದು. 2024-25ರ ಸಾಲಿಗೆ ಸರ್ಕಾರದ ಬೆಂಬಲ ಬೆಲೆ ರಾಗಿ ಕ್ವಿಂಟಾಲಿಗೆ 4,290 ರೂಪಾಯಿ. ಕೆಜಿಗೆ 43 ಎಂದಿಟ್ಟುಕೊಳ್ಳಿ, ಮಿಲ್ಲಿನ ಕೂಲಿ ಬೇರೆ. ಒಂದು ಕೆಜಿ ಹಿಟ್ಟಿನಲ್ಲಿ ನಮ್ಮ ಮನೆಗೆ ಎರಡು ಹೊತ್ತು. ಸೊಸೆ ತರುತ್ತಿದ್ದ ಅರ್ಧ ಕೆಜಿ ಪಾಸ್ತಾ ಪೊಟ್ಟಣಕ್ಕೇ ಎಂಬತ್ತು ರೂಪಾಯಿ. ಹಾಗೆಂದು ಪಾಸ್ತಾ ಪೂರ್ತಿ ನಿಂತಿಲ್ಲ. ಮಗ ತಿಂಗಳಿಗೊಂದು ಸಲ ತರುತ್ತಾನೆ. ಅದಕ್ಕೂ ಈಗ ಮನೆ ಬೆಣ್ಣೆ.

ಹೊಲದ ವಿಚಾರ ಹೇಳುತ್ತೇನೆ ಎಂದಿದ್ದೆ. 2024ರ ಬೇಸಿಗೆಯಲ್ಲಿ ಶುಂಠಿಗೆ ಜಮೀನು ಗುತ್ತಿಗೆ ಕೇಳಿಕೊಂಡು ಬಂದರು. ಬೋರು ತಾವೇ ಹಾಕಿಕೊಳ್ಳುತ್ತೇವೆ, ರಾಗಿ ಹಾಕುವ ತುಂಡನ್ನೂ ಸೇರಿಸಿ ಕೊಡಿ ಎಂದರು. ರಾಗಿಯಲ್ಲಿ ನಾನು ಕಾಣದ ದುಡ್ಡು ಅದು. ನಮ್ಮಲ್ಲಿ ರಾಗಿ ತೆನೆ ಹಾಲುಗಟ್ಟುವಾಗಿನಿಂದ ಕುಯ್ಯುವ ತನಕ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂತು ಆನೆ, ಹಂದಿ ಕಾಯಬೇಕು. ನಾಗರಹೊಳೆ ಕಾಡು ಪಕ್ಕದಲ್ಲೇ. ಮಂಜಿನಲ್ಲಿ ಕೂತು ಕೂತು ಮಂಡಿ ಹಿಡಿದಿದೆ. ಕೊಟ್ಟುಬಿಡೋಣ ಎಂದೇ ಇದ್ದೆ. ನಮ್ಮ ಮನೆಯಾಕೆ, "ಕೊಟ್ರೆ ಕೊಡಿ. ಆದ್ರೆ ಮಗೀಗೆ ರಾಗಿ ಅಂಗ್ಡೀಲಿ ತರಕ್ಕೆ ನಂಗೆ ಹೇಳಬ್ಯಾಡಿ" ಎಂದು ಒಂದೇ ಮಾತು ಅಂದಳು.

ಮುಕ್ಕಾಲು ಎಕರೆ ಕೊಡಲಿಲ್ಲ. ಹತ್ತಿಯ ಪಕ್ಕದ ಕಾಲು ಎಕರೆಯನ್ನೂ ಸೇರಿಸಿ ಒಂದು ಎಕರೆ ಮಾಡಿ ಜಿಪಿಯು-28 ಬಿತ್ತಿದೆ. ನಮ್ಮಪ್ಪನ ಕಾಲದಲ್ಲಿ ಲಕ್ಷ್ಮಣಯ್ಯನವರ ಇಂಡಾಫ್ ತಳಿಗಳು ಬಂದು ಮನೆ ತುಂಬಿದ್ದು ನೆನಪಿದೆ. ಇದೂ ಒಳ್ಳೆಯ ತಳಿ, ಬೆಂಕಿ ರೋಗ ತಡೆಯುತ್ತದೆ. ಅಕ್ಕಡಿಯಲ್ಲಿ ಅವರೆ, ಹುಚ್ಚೆಳ್ಳು ಹಾಕಿದೆ. ಆನೆ ಒಂದು ರಾತ್ರಿ ಬಂದು ಮೂಲೆಯಲ್ಲಿ ಹತ್ತು ಗುಂಟೆಯಷ್ಟು ತುಳಿದು ಹೋಯಿತು. ಉಳಿದದ್ದರಲ್ಲಿ ಏಳು ಚೀಲ ಸಿಕ್ಕಿತು. ಮೂರು ಮಾರಿದೆ, ನಾಲ್ಕು ಮನೆಗೆ.

ಹೋದ ಶಿವರಾತ್ರಿ ಕಳೆದ ಮೇಲೆ ಬಿಸಿಲಿಗೆ ಇನ್ನೊಂದು ಪ್ರಯೋಗ ಮಾಡಿದ್ದೇವೆ. ಒತ್ತಿ ಹಬೆಯಲ್ಲಿ ಬೇಯಿಸಿದ ಎಳೆಯನ್ನು ಬಿಳಿ ಪಂಚೆಯ ಮೇಲೆ ತೆಳ್ಳಗೆ ಹರಡಿ ಎರಡು ದಿನ ಒಣಗಿಸಿ ಡಬ್ಬಿಗೆ ತುಂಬುವುದು. ಬೇಕಾದಾಗ ಮೂರು ನಿಮಿಷ ಉಪ್ಪು ನೀರಿನಲ್ಲಿ ನೆನೆಸಿ, ಬಸಿದು, ಐದು ನಿಮಿಷ ಹಬೆ ಕೊಟ್ಟರೆ ಮತ್ತೆ ಮೆತ್ತಗಾಗುತ್ತದೆ. ಮೊದಲ ಪಂಚೆ ಕೋತಿಗಳ ಪಾಲಾಯಿತು. ಎರಡನೆಯದಕ್ಕೆ ದೊಡ್ಡವಳು ಕೋಲು ಹಿಡಿದು ಕಾವಲು ಕೂತಳು. ಅದರಲ್ಲಿ ಒಂದು ಡಬ್ಬಿ ಮಗ ಕಾರ್ಖಾನೆಯ ರೂಮಿಗೆ ಒಯ್ದ. ಜೊತೆಗಿರುವ ಹುಡುಗರು ತಿಂದು ನೋಡಿ ಇನ್ನೂ ಎರಡು ಡಬ್ಬಿ ಬೇಕು, ದುಡ್ಡು ಕೊಡ್ತೀವಿ ಅಂದವ್ರಂತೆ. ಎಷ್ಟು ಕೇಳಬೇಕು ಎಂದು ಅತ್ತೆ ಸೊಸೆ ಇನ್ನೂ ತೀರ್ಮಾನ ಮಾಡಿಲ್ಲ.